ಖಾಲಿ ಹೊಸ್ತಿಲಿಗೊಂದು ಉಂಡಿ

ನಮ್ಮೂರಿನವರು ಬೆಳಗ್ಗೆ ಆಕಾಶ ನೋಡಿಕೊಂಡು ನಡೆಯುತ್ತಾರೆ. ಹೊಸಬರು ಬಂದು ನೋಡಿದರೆ ಊರಿಗೆ ಊರೇ ಭಕ್ತಿಯಲ್ಲಿ ತೇಲುತ್ತಿದೆ ಎಂದುಕೊಳ್ಳಬೇಕು. ಹಾಲಿನ ತಂಬಿಗೆ ಹಿಡಿದವರು, ಬೇವಿನ ಕಡ್ಡಿ ಕಚ್ಚಿಕೊಂಡು ಬಾವಿಗೆ ಹೊರಟವರು, ಸೈಕಲ್ಲು ತಳ್ಳುವವರು, ಎಲ್ಲರ ಗದ್ದವೂ ಮೇಲಕ್ಕೆ. ಹೀಗೆ ನಡೆದು ಎಮ್ಮೆಗೆ ಡಿಕ್ಕಿ ಹೊಡೆದು, ಬೀಗರಿಗೆ ತಾಗಿತೇನೋ ಎಂದು ಎಮ್ಮೆಗೇ ಕ್ಷಮೆ ಕೇಳಿ ಮುಂದೆ ಹೋಗುತ್ತಾರೆ. ನಮ್ಮೂರ ಡಾಕ್ಟರು ಎಡವಿದ ಹೆಬ್ಬೆರಳುಗಳಿಗೆಂದೇ ಬೇರೆ ಒಂದು ಬೆಂಚು ಹಾಕಿಸಿದ್ದಾರೆ. ಹನುಮಪ್ಪನ ಗುಡಿಯ ಕಳಸಕ್ಕೆ ಬಿಸಿಲು ತಾಗುವ ತನಕ ಯಾರೂ ಕೆಳಗೆ ನೋಡಕೂಡದು ಎಂಬುದು ನಮ್ಮ ಕಟ್ಟಳೆ.

ಏಕೆಂದರೆ ನಮ್ಮೂರಲ್ಲಿ ಫೋನಿನಿಂದ ಏನು ಕಳಿಸಿದರೂ ಅದು ಮರುದಿನ ನಸುಕಿಗೆ ಕಳಿಸಿದವರ ಹೊಸ್ತಿಲ ಮುಂದೆ ರಂಗೋಲಿಯಾಗಿ ಮೂಡಿರುತ್ತದೆ. ಅಕ್ಷರ ಅವರವರದೇ ಅಕ್ಷರ. ಸಿಟ್ಟಿನಲ್ಲಿ ಬರೆದದ್ದು ದಪ್ಪ ಗೆರೆ, ಹೆದರಿ ಬರೆದದ್ದು ಸಣ್ಣ ಗೆರೆ. ಫೋಟೋ ಕಳಿಸಿದ್ದರೆ ಚುಕ್ಕಿ ಚುಕ್ಕಿಯಾಗಿ ಮುಖ ಬಿಡಿಸಿರುತ್ತದೆ. ಫೋನಿನಲ್ಲಿ ಅಳಿಸಿಬಿಟ್ಟೆ ಎಂದು ನೆಮ್ಮದಿಯಾಗಿ ಮಲಗಿದ್ದೂ ಮೂಡುತ್ತದೆ. ಒಮ್ಮೆ ಒಬ್ಬ ಹುಡುಗ ತಾನು ಕುಣಿದ ವಿಡಿಯೋ ಕಳಿಸಿದ. ಅವನು ಸೊಂಟ ತಿರುಗಿಸುತ್ತ ತನ್ನ ಮನೆಯಿಂದ ಹೊರಟು ನಾಲ್ಕು ಮನೆ ದಾಟಿ ಡೇರಿಯ ಮೆಟ್ಟಿಲ ಮೇಲೆ ಕೊನೆಯ ವರಸೆ ಮುಗಿಸಿದ್ದ. ಹಾಗಾಗಿ ಕೋಳಿ ಕೂಗುವುದಕ್ಕೂ ಮೊದಲೇ ನಮ್ಮೂರಲ್ಲಿ ಬಕೆಟ್ಟಿನ ಸದ್ದು. ಎಲ್ಲರೂ ಸೆಗಣಿ ನೀರು ಹಾಕಿ ಸರಸರ ಸಾರಿಸುತ್ತಾರೆ. ಅಷ್ಟರೊಳಗೆ ದಾರಿಯಲ್ಲಿ ಹೋಗುವವರು ಮೇಲೆ ನೋಡುತ್ತಾರೆ. ಇದು ನಮ್ಮ ಮರ್ಯಾದೆ.

ಕೆಳಗೆ ನೋಡಲು ಪರವಾನಗಿ ಇದ್ದದ್ದು ನನಗೊಬ್ಬಳಿಗೆ. ನಾನು ನೀಲಗಂಗವ್ವ, ಮಕ್ಕಳ ಬಾಯಲ್ಲಿ ಹೂವಿನಜ್ಜಿ. ಹನುಮಪ್ಪನಿಗೆ ಹೂ ಒಪ್ಪಿಸುವುದು ನಲವತ್ತು ವರ್ಷದ ನನ್ನ ಸೇವೆ. ಗುಡಿಯ ಮುಂದಿನ ಪಾರಿಜಾತ ರಾತ್ರಿ ಅರಳಿ ನಸುಕಿಗೆ ಉದುರುತ್ತದೆ, ಗಾಳಿ ಅದನ್ನು ಓಣಿಯುದ್ದಕ್ಕೂ ಮನೆಮನೆಯ ಬಾಗಿಲಿಗೆ ಹಂಚುತ್ತದೆ. ಬೇರೆ ಹೂ ನೆಲಕ್ಕೆ ಬಿದ್ದರೆ ದೇವರಿಗೆ ಸಲ್ಲದು, ಪಾರಿಜಾತ ಮಾತ್ರ ಬಿದ್ದದ್ದೇ ಸಲ್ಲುತ್ತದೆ. ಅದನ್ನು ಆರಿಸಬೇಕಾದರೆ ಕೆಳಗೆ ನೋಡಲೇಬೇಕಲ್ಲ. ಹಾಗೆ ಹೂ ಆರಿಸುತ್ತ ಆರಿಸುತ್ತ ಊರಿನ ಒಳಗುಟ್ಟೆಲ್ಲ ನನ್ನ ಬುಟ್ಟಿಗೆ ಬಿದ್ದಿತ್ತು. ಯಾರ ಗುಟ್ಟನ್ನೂ ಯಾರಿಗೂ ಹೇಳಿದವಳಲ್ಲ. ಆದರೆ ಎಲ್ಲ ಗೊತ್ತಿದೆ ಎಂಬ ಒಂದು ಸಣ್ಣ ಗರ್ವ ನನ್ನ ಸೆರಗಿನ ಗಂಟಿನಲ್ಲಿ ಇತ್ತು, ಸುಳ್ಳೇಕೆ ಹೇಳಲಿ.

ಒಂದು ಮಧ್ಯಾಹ್ನ ಶಾಲೆಯ ಹೆಡ್‌ಮಾಸ್ತರರಾದ ಗುರಸಿದ್ದಪ್ಪ ಕುಂಟುತ್ತ ನಮ್ಮ ಮನೆಗೆ ಬಂದರು. ಹೆಬ್ಬೆರಳಿಗೆ ಬಿಳಿ ಪಟ್ಟಿ.

"ಕುಂಡ್ರಿ ಮಾಸ್ತರ. ಯಾರ ಎಮ್ಮಿ?" ಎಂದೆ.

"ಎಮ್ಮಿ ಅಲ್ರಿ, ಈ ಸಲ ಕಂಬ. ಅದಕ್ಕೂ ಕ್ಷಮಾ ಕೇಳೀನಿ." ಉಸ್ಸೆಂದು ಕೂತು ಚೀಲದಿಂದ ದಪ್ಪ ಪುಸ್ತಕ ತೆಗೆದರು. "ಮಕ್ಕಳಿಗೆ ಇಂಟರ್ನೆಟ್ ಹೆಂಗ ಬಳಸಬೇಕು ಅಂತ ಪಾಠಾ ಮಾಡ್ರಿ ಅಂತ ಮ್ಯಾಲಿಂದ ಬಂದೈತಿ. ಪೂರಾ ಓದಿದೆ. ಓದಿದ ಮ್ಯಾಲೆ ನನಗ ಫೋನ್ ಕಂಡ್ರ ಅಂಜಿಕಿ ಬಂತು, ಬ್ಯಾರೆ ಏನೂ ಬರಲಿಲ್ಲ. ಆ ಪಾಠಾ ನೀವ ಮಾಡಬೇಕ್ರಿ."

"ನಾ ನಾಲ್ಕನೇತ್ತ ಕಲ್ತಾಕಿ, ನಾ ಏನ ಕಲಿಸ್ಲಿ?"

"ಊರಾಗ ಕೆಳಗ ನೋಡಾಕಿ ನೀವೊಬ್ಬಾಕಿ. ಯಾವ ಹುಡುಗ ಏನ ಬರದಾನ ಅಂತ ನಿಮಗ ಗೊತ್ತು. ಅದಕ್ಕಿಂತ ದೊಡ್ಡ ಪುಸ್ತಕ ಯಾವುದೈತ್ರಿ?"

ಮಾತು ನಿಜವಾಗಿತ್ತು. ಪಾಠಕ್ಕೆಂದು ಮಕ್ಕಳ ಕೈಗೂ ಫೋನು ಬಂದ ಮೇಲೆ ಹೊಸ್ತಿಲುಗಳ ಗತಿ ಕೇಳಬಾರದಾಗಿತ್ತು. ಒಂದು ಮನೆಯ ಮುಂದೆ "ಲೇ ಕತ್ತೆ" ಎಂದು ಮೂವತ್ತೆರಡು ಸಲ, ಎದುರು ಮನೆಯ ಮುಂದೆ "ನೀ ಕತ್ತೆ" ಎಂದು ಮೂವತ್ತಮೂರು ಸಲ. ಇನ್ನೊಂದು ಕಡೆ, ಬಾಯಿ ತೆರೆದು ಜೊಲ್ಲು ಸುರಿಸಿ ಮಲಗಿದ್ದ ಅಕ್ಕನ ಮುಖ. ತಮ್ಮ ಅದನ್ನು ಇಡೀ ತರಗತಿಗೆ ಕಳಿಸಿದ್ದ. ಮತ್ತೊಂದು ಮಗು ಯಾವುದೋ ಆಟದಲ್ಲಿ ಬಂಗಾರದ ಖಡ್ಗ ಸಿಗುತ್ತದೆಂದು ಅಪ್ಪನ ಗುರುತಿನ ಚೀಟಿಯನ್ನೇ ಯಾರಿಗೋ ಕಳಿಸಿತ್ತು. ನಾನು ಆ ಚುಕ್ಕಿಗಳ ನಡುವಿನಿಂದ ಹೂ ಎತ್ತಿಕೊಳ್ಳುತ್ತ "ಹನುಮಪ್ಪಾ, ಕಾಯೋ" ಎನ್ನುತ್ತಿದ್ದೆ. ಒಪ್ಪಿಕೊಂಡೆ.

ಶನಿವಾರ ಸಂಜೆ ಗುಡಿಯ ಕಟ್ಟೆಯ ಮೇಲೆ ಇಪ್ಪತ್ತೆರಡು ಮಕ್ಕಳು ಸಾಲಾಗಿ ಕೂತವು. ನಾನು ದಪ್ಪ ಪುಸ್ತಕವನ್ನು ಮಡಿಚಿಟ್ಟು ಒಂದೇ ಮಾತು ಹೇಳಿದೆ: "ಹೊಸ್ತಿಲ ಮುಂದ ಏನ ಮೂಡಿದ್ರ ನಿಮ್ಮವ್ವಗ ನಾಚಿಕಿ ಆಗತದೋ, ಅದನ್ನ ಬರೀಬ್ಯಾಡ್ರಿ. ವಾರಪೂರ್ತಿ ಯಾರ ಹೊಸ್ತಿಲು ಖಾಲಿ ಇರತದ, ಅವರಿಗೆ ಒಂದು ಶೇಂಗಾ ಉಂಡಿ."

"ಎಷ್ಟ ದೊಡ್ಡದಜ್ಜಿ?"

"ಮುಷ್ಟಿಯಷ್ಟು."

"ಯಾರ ಮುಷ್ಟಿ? ಇವಂದೋ ನಂದೋ?" ಎಂದಳು ಹೊನ್ನಿ.

ಹೊನ್ನಿ ಹಿಟ್ಟಿನ ಗಿರಣಿಯ ಕಲ್ಲವ್ವನ ಮಗಳು. ಹನ್ನೊಂದು ವರ್ಷ, ಮುಂದಿನ ಎರಡು ಹಲ್ಲಿನ ನಡುವೆ ಒಂದು ಸಂದು, ಅದರಿಂದ ಮಾತಿಗೊಂದು ಸೀಟಿ. ತಲೆಯಲ್ಲಿ ಯಾವಾಗಲೂ ತುಸು ಹಿಟ್ಟು. ಶನಿವಾರ ನಾನು ಮಕ್ಕಳಿಗೆ ಹೇಳುವ ಕಥೆಗಳಿಗೆ ಹೂಂಗುಟ್ಟುವವಳು ಅವಳೇ. ಕಥೆಯಲ್ಲಿ ಯಾರಾದರೂ ಕಷ್ಟಕ್ಕೆ ಸಿಕ್ಕರೆ ನನಗಿಂತ ಮೊದಲು ಅವಳ ಕಣ್ಣಲ್ಲಿ ನೀರು.

ಉಂಡಿ ಎಂಥ ಕೆಲಸ ಮಾಡಿತು ಅಂತೀರಿ! ಮೊದಲ ವಾರ ಒಂಬತ್ತು ಹೊಸ್ತಿಲು ಖಾಲಿ. ಮೂರನೇ ವಾರಕ್ಕೆ ಇಪ್ಪತ್ತೆರಡಕ್ಕೆ ಇಪ್ಪತ್ತೆರಡೂ ಖಾಲಿ, ನೆಕ್ಕಿಟ್ಟ ಗಂಗಾಳದ ಹಾಗೆ. ನಾನು ಶೇಂಗಾ ಹುರಿದು ಹುರಿದು ಓಣಿಯೆಲ್ಲ ಘಮಘಮ. ಗುರಸಿದ್ದಪ್ಪ ಮಾಸ್ತರು ಶಾಲೆಯ ಗೇಟಿಗೆ ನನ್ನ ಹೆಸರಿನ ಬ್ಯಾನರು ಕಟ್ಟಿಸಿದರು. ಊರು ಹಬ್ಬದ ಗುಂಗಿನಲ್ಲಿತ್ತು. ಎದುರು ಬಂದವರೆಲ್ಲ, ಆಕಾಶದ ಕಡೆ ಮುಖ ಮಾಡಿಯೇ, "ಹೂವಿನಜ್ಜಿ, ನಮ್ಮ ಹುಡುಗ ದೇವರಾಗ್ಯಾನ ನೋಡ್ರಿ" ಎಂದು ಕೈ ಮುಗಿಯುತ್ತಿದ್ದರು. ಅರ್ಧ ಜನ ಕೈ ಮುಗಿದದ್ದು ನನ್ನ ಪಕ್ಕದ ಎಮ್ಮೆಗೆ. ಆದರೂ ನನಗೆ ಸಂತೋಷವಾಗಿತ್ತು.

ಅದೊಂದು ಸೋಮವಾರ ಸಂಜೆಯ ಮುಂಚೆ, ಹನುಮಪ್ಪನ ಹಾರಕ್ಕೆ ಎಕ್ಕೆಯ ಎಲೆ ತರಲೆಂದು ಊರ ಹೊರಗೆ ಹೋದೆ. ನಮ್ಮೂರಿನ ಎಲ್ಲೆಗೆ ಒಂದು ಗಡಿಕಲ್ಲು ಇದೆ. ಅದರ ಹತ್ತಿರ ಬರುತ್ತಲೇ ಕಂಡ ನೋಟ ನನ್ನ ಕಣ್ಣಲ್ಲಿ ಇನ್ನೂ ಇದೆ. ಇಪ್ಪತ್ತೆರಡು ಮಕ್ಕಳು, ಕೆರೆಯಂಚಿನ ಕೊಕ್ಕರೆಗಳ ಹಾಗೆ, ಕಲ್ಲಿನ ಆಚೆ ಒಂದೊಂದೇ ಕಾಲಿನ ಮೇಲೆ ನಿಂತಿದ್ದವು. ಈಚೆಯ ಕಾಲು ನೆಲಕ್ಕೆ ತಾಗದ ಹಾಗೆ ಮಡಚಿ ಎತ್ತಿಕೊಂಡು, ಎರಡೂ ಹೆಬ್ಬೆರಳಿನಿಂದ ಟಕಟಕ ಬರೆಯುತ್ತಿದ್ದವು. ಎಲ್ಲೆಯ ಹೊರಗೆ ನಿಂತು ಬರೆದದ್ದು ಊರೊಳಗೆ ಮೂಡುವುದಿಲ್ಲ! ನಲವತ್ತು ವರ್ಷ ಕೆಳಗೆ ನೋಡಿದ ನನಗೆ ಇದು ಕಂಡಿರಲಿಲ್ಲ. ಮೂರು ವಾರದ ಉಂಡಿಯಾಸೆ ಅದನ್ನು ಈ ಮಕ್ಕಳಿಗೆ ತೋರಿಸಿಕೊಟ್ಟಿತ್ತು.

"ಲೇ, ಅಜ್ಜಿ ಬಂದ್ಲೋ!" ಎಂದು ಯಾರೋ ಚೀರಿದರು. ಕೊಕ್ಕರೆಗಳೆಲ್ಲ ಬುರ್ರೆಂದು ಹಾರಿದವು. ಒಬ್ಬ ಹುಡುಗ ಗಾಬರಿಯಲ್ಲಿ ಒಂಟಿ ಕಾಲಲ್ಲೇ ಕುಪ್ಪಳಿಸುತ್ತ ಊರು ಸೇರಿದ. ನಗಬೇಕೋ ಬೈಯಬೇಕೋ ತಿಳಿಯದೆ ನಾನು ಕಲ್ಲಿನ ಮೇಲೆ ಕೂತು ನಕ್ಕೇಬಿಟ್ಟೆ.

ಹೊನ್ನಿ ಮಾತ್ರ ಓಡಿರಲಿಲ್ಲ. ಅವಳಿಗೆ ನಾನು ಬಂದದ್ದೇ ಗೊತ್ತಾಗಿರಲಿಲ್ಲ. ಫೋನು ನೋಡುತ್ತ ತನ್ನಷ್ಟಕ್ಕೆ ಮುಗುಳ್ನಗುತ್ತಿದ್ದಳು. "ಯಾರ ಜೋಡಿ ಮಾತವ್ವಾ?" ಎಂದಾಗ ಬೆಚ್ಚಿ ಫೋನನ್ನು ಲಂಗದ ಮಡಿಕೆಗೆ ಸೇರಿಸಿದಳು.

"ಏನಿಲ್ಲಜ್ಜಿ. ನನ್ನ ಹೊಸ್ತಿಲು ಸ್ವಚ್ಛ ಐತಲ್ಲ."

ನನ್ನ ಪಾಠವನ್ನು ನನಗೇ ಒಪ್ಪಿಸಿದ್ದಳು. ನನ್ನ ಜೊತೆ ಎಕ್ಕೆ ಎಲೆ ಕೊಯ್ಯುತ್ತ ಕೇಳಿದಳು: "ಅಜ್ಜಿ, ಗುರುವಾರ ಜಂಕ್ಷನ್ನಿಗೆ ಹೋಗೋ ಬಸ್ಸು ಹತ್ತೂವರಿಗೇನ?"

"ಹೂಂ. ಯಾಕವ್ವಾ?"

"ಸುಮ್ನ." ಇನ್ನೆರಡು ಎಲೆ ಕಿತ್ತಳು. "ಅಜ್ಜಿ, ಯಾರಿಗೂ ಹೇಳಂಗಿಲ್ಲ ಅಂತ ಮಾತ ಕೊಟ್ಟ ಮ್ಯಾಲೆ ಹೇಳಿದ್ರ ಪಾಪ ಬರತದಾ?"

ಎಷ್ಟೋ ಶನಿವಾರ ಹೇಳಿದ ಕಥೆಗಳ ಜಂಬ ನನ್ನ ನಾಲಿಗೆಯ ತುದಿಯಲ್ಲೇ ಕೂತಿತ್ತು. "ಕೊಟ್ಟ ಮಾತಿಗೆ ತಪ್ಪಬಾರದವ್ವಾ. ಮಾತು ಉಳಿಸ್ಕೊಂಡವರನ್ನ ದೇವರು ಕೈ ಬಿಡಂಗಿಲ್ಲ" ಎಂದುಬಿಟ್ಟೆ. ಹೊನ್ನಿ ಗಂಭೀರವಾಗಿ ಹೂಂಗುಟ್ಟಿದಳು, ಕಥೆಗೆ ಹೂಂಗುಟ್ಟುವ ಹಾಗೆಯೇ. ಎಲೆಯನ್ನು ನನ್ನ ಬುಟ್ಟಿಗೆ ಹಾಕಿ ಓಡಿಹೋದಳು. ಅವಳ ಜಡೆ ಬೇಲಿಯ ತಿರುವಿನಲ್ಲಿ ಮರೆಯಾದ ಮೇಲೆ ಅವಳ ಎರಡೂ ಪ್ರಶ್ನೆ ನನಗೆ ಮತ್ತೆ ಕೇಳಿಸಿದವು. ಯಾರಿಗೂ ಹೇಳಬೇಡ ಎಂದವರು ಯಾರು? ಗುರುವಾರ ಬಸ್ಸಿಗೆ ಹೋಗುವವರು ಯಾರು?

ಮರುದಿನ ಗಿರಣಿಗೆ ಹೋದೆ. ಗುಟ್ಟಿನ ಮಾತಾಡಲು ಗಿರಣಿಯಂಥ ಕೆಟ್ಟ ಜಾಗ ಭೂಮಿಯ ಮೇಲಿಲ್ಲ. ಯಂತ್ರ ಗಡಗಡ ಎನ್ನುತ್ತಿತ್ತು. ಕಲ್ಲವ್ವ ಹುಬ್ಬಿನ ತನಕ ಬೆಳ್ಳಗಾಗಿ ನಿಂತಿದ್ದಳು.

"ನಿನ್ನ ಮಗಳು ಫೋನಿನಾಗ ಯಾರ ಜೋಡಿ ಮಾತಾಡ್ತಾಳ?" ಎಂದು ಅವಳ ಕಿವಿಯಲ್ಲಿ ಪಿಸುಗುಟ್ಟಿದೆ.

"ಗೋದಿನೋ ಜ್ವಾಳಾನೋ?"

"ಮಗಳು! ಮಗಳು!"

"ಮುಗಳಿ? ಮುಗಳಿ ಮುಳ್ಳು ಬೀಸಂಗಿಲ್ಲಬೇ!"

ಕೊನೆಗೆ ಗಂಟಲು ಹರಿಯುವಂತೆ "ಹೊನ್ನಿ!" ಎಂದು ಕೂಗಿದೆ. ಕಾಳಿಗೆ ನಿಂತವರೆಲ್ಲ ಮರ್ಯಾದೆಯಿಂದ ಛಾವಣಿ ನೋಡತೊಡಗಿದರು. ಕಲ್ಲವ್ವನ ಮುಖ ಅರಳಿತು. "ನನ್ನ ಮಗಳ ಹೊಸ್ತಿಲಾ? ಕನ್ನಡಿಬೇ ಕನ್ನಡಿ! ಏನರ ಒಂದಕ್ಷರ ಮೂಡಿದ್ರ ಕೈ ಮುರದು ಫೋನು ಬಾವಿಗೆ ಒಗೀತಿದ್ದೆ!" ಮೂಲೆಯಲ್ಲಿ ಚೀಲದ ಬಾಯಿ ಕಟ್ಟುತ್ತಿದ್ದ ಹೊನ್ನಿ ಈ ಮಾತು ಕೇಳಿ ತಲೆ ತಗ್ಗಿಸಿ ಗಂಟನ್ನು ಇನ್ನೂ ಬಿಗಿ ಮಾಡಿದಳು.

ಆಗ ನನಗೆ ತಿಳಿಯಿತು. ಬಸ್ಸಿನ ಬಾಗಿಲಿಗೆ ನಾನೇ ಅಡ್ಡ ನಿಲ್ಲಬಹುದು. ಆದರೆ ಈ ಗುರುವಾರ ತಪ್ಪಿದರೆ ಮುಂದಿನ ಗುರುವಾರ ಇದೆ. ಕಲ್ಲವ್ವನಿಗೆ ಹೇಳಿದರೆ ಹುಡುಗಿಯ ಕೈ ಮುರಿಯುತ್ತದೋ ಇಲ್ಲವೋ, ಬಾಯಿಯಂತೂ ಮುಚ್ಚುತ್ತದೆ. ಗಂಟು ಕಟ್ಟಿದವಳೇ ಅದನ್ನು ಬಿಚ್ಚಬೇಕು. ಅದೂ ಇನ್ನೆರಡು ದಿನದೊಳಗೆ.

ಸಂಜೆ ಗುಡಿಯಲ್ಲಿ ಹನುಮಪ್ಪನ ಮುಂದೆ ಕೂತೆ. "ಸಮುದ್ರಾ ಹಾರಿದಾಂವ ನೀನು. ಒಂದು ಹುಡುಗಿ ಮನಸಿನಾಗ ಹೆಂಗ ಇಳೀಬೇಕು ಹೇಳಪ್ಪಾ" ಎಂದೆ. ಅಷ್ಟರಲ್ಲಿ ನನ್ನ ಎಲೆಯಡಿಕೆ ಚೀಲದೊಳಗಿನ ಫೋನು ಕುಯ್ಯೆಂದಿತು. ತೆಗೆದು ನೋಡಿದೆ. "ಮಗಳೇ, ನಮ್ಮ ಮಾತನ್ನು ಯಾರಿಗೂ ಹೇಳಬೇಡ. ಹೇಳಿದರೆ ಫಲ ಹೋಗುತ್ತದೆ" ಎಂದಿತ್ತು.

ಈಗ ನಾನು ನಿಮಗೆ ಹೇಳದೆ ಮುಚ್ಚಿಟ್ಟದ್ದನ್ನು ಹೇಳಬೇಕು. ನಾಲ್ಕು ತಿಂಗಳಿಂದ ನನಗೊಬ್ಬ ಬಾಬಾ ಸಿಕ್ಕಿದ್ದ. ಹಿಮಾಲಯದ ಗುಹೆಯಲ್ಲಿ ತಪಸ್ಸಂತೆ. ಗುಹೆಯಲ್ಲಿ ಫೋನಿಗೆ ಚಾರ್ಜು ಎಲ್ಲಿಂದ ಎಂದು ನಾನು ಕೇಳಿರಲಿಲ್ಲ. ಅಂಗೈ ಫೋಟೋ ಕಳಿಸು ಎಂದ, ಕಳಿಸಿದೆ. ನಕ್ಷತ್ರ ಹೇಳು ಎಂದ, ಹೇಳಿದೆ. ಮನೆಯಲ್ಲಿ ಒಬ್ಬಳೇ ಇರುವ ಹೊತ್ತು ಯಾವುದು, ಬೀಗದ ಕೈ ಎಲ್ಲಿಡುತ್ತೀ ಎಂದ. ವಾಸ್ತು ನೋಡಲಿಕ್ಕಿರಬೇಕು ಎಂದು ಅದನ್ನೂ ಬರೆದೆ. ಅಮಾವಾಸ್ಯೆಯ ದಿನ ಬೇವಿನ ಚಿಗುರು ಅಗಿದರೆ ಬಿದ್ದ ಹಲ್ಲು ಮತ್ತೆ ಬರುತ್ತದೆ ಎಂದು ಅವನು ಕಳಿಸಿದ್ದನ್ನು ನಾನು ಊರಿಗೆಲ್ಲ ಹಂಚಿ, ಇಡೀ ಊರು ಮೂರು ದಿನ ಕಹಿ ಮುಖ ಮಾಡಿಕೊಂಡು ಓಡಾಡಿತ್ತು. ಅಷ್ಟೂ ನನ್ನ ಹೊಸ್ತಿಲ ಮುಂದೆ ಮೂಡುತ್ತಿತ್ತು. ಊರಿಗಿಂತ ಮೊದಲು ಏಳುವವಳು ನಾನು, ಕೆಳಗೆ ನೋಡುವವಳೂ ನಾನೊಬ್ಬಳೇ. ನಾನು ಸಾರಿಸಿದ್ದನ್ನು ನೋಡಿದವರು ಯಾರು? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಕುಡಿದಿದ್ದೆ. ಇವತ್ತು ಅದೇ ಬಾಯಿ ಒರೆಸಿಕೊಂಡ ಬೆಕ್ಕಿಗೆ, ಬಾಬಾನ ಮಾತೂ ಹೊನ್ನಿ ಕೇಳಿದ ಮಾತೂ ಒಂದೇ ಎಂದು ಕಂಡಿತು. ಯಾರಿಗೂ ಹೇಳಬೇಡ.

ಹನುಮಪ್ಪ ನಗುತ್ತಿದ್ದ ಎಂದು ನನಗೆ ಅನ್ನಿಸಿತು. ಅವನ ಪಾದದ ಮೇಲೆ ಬೆಳಗಿನ ಪಾರಿಜಾತ ಬಾಡಿ ಬಿದ್ದಿತ್ತು. ಬಿದ್ದದ್ದನ್ನೇ ಒಪ್ಪಿಕೊಳ್ಳುವವನು ಅವನು.

ಬುಧವಾರ ಬೆಳಗಿನ ಜಾವ ಬಕೆಟ್ಟು ಮುಟ್ಟಲಿಲ್ಲ. ರಂಗೋಲಿಯ ಬಟ್ಟಲು ತೆಗೆದುಕೊಂಡು ಹೊಸ್ತಿಲಿಗೆ ಬಂದು ಕೂತೆ. ನಾಲ್ಕು ತಿಂಗಳು ಸಾರಿಸಿದ್ದನ್ನೆಲ್ಲ ನೆನಪಿದ್ದಷ್ಟು ಕೈಯಾರೆ ಬರೆದೆ. ಅಂಗೈಯ ಚಿತ್ರ ಬರೆದೆ. ನಕ್ಷತ್ರ ಬರೆದೆ. "ಬೀಗದ ಕೈ ತುಳಸಿಕಟ್ಟೆಯ ಗೂಡಿನಲ್ಲಿ" ಬರೆದೆ. ಸೊಂಟ ಹಿಡಿದುಕೊಂಡಿತು. ಆದರೂ ಮೊಣಕಾಲ ಮೇಲೆ ಸರಿಯುತ್ತ ಸರಿಯುತ್ತ ನಮ್ಮ ಮನೆಯಿಂದ ಗುಡಿಯ ಕಟ್ಟೆಯ ತನಕ ಬರೆದೆ. ಎಲ್ಲಕ್ಕೂ ಕಡೆಗೆ, ಗುಡಿಯ ಮೆಟ್ಟಿಲ ಬುಡದಲ್ಲಿ, ದೊಡ್ಡಕ್ಷರದಲ್ಲಿ ಇನ್ನು ನಾಲ್ಕು ಸಾಲು ಬರೆದು ಎದ್ದು ಗುಡಿಯ ಗಂಟೆಯನ್ನು ಢಣಢಣ ಬಾರಿಸಿದೆ.

ಊರು ಬಿದ್ದಂಬೀಳ ಓಡಿ ಬಂತು. ಓಡಿ ಬಂದದ್ದೂ ಆಕಾಶ ನೋಡಿಕೊಂಡೇ. ಓಣಿಯ ತಿರುವಿನಲ್ಲಿ ನಾಲ್ಕು ಜನ ನಾಲ್ಕು ಕಡೆಯಿಂದ ಬಂದು ಒಬ್ಬರಿಗೊಬ್ಬರು ಢೀ ಹೊಡೆದು ಕೂತರು.

"ಕೆಳಗ ನೋಡ್ರಿ!" ಎಂದು ಕೂಗಿದೆ.

"ಇನ್ನೂ ಕಳಸಕ್ಕ ಬಿಸಿಲು ಬಿದ್ದಿಲ್ರಿ ನೀಲಗಂಗವ್ವಾರ" ಎಂದರು ಗುರಸಿದ್ದಪ್ಪ ಮಾಸ್ತರು, ನಕ್ಷತ್ರಗಳ ಕಡೆ ನೋಡುತ್ತ.

"ಬಿಸಿಲು ತನಗ ಬೇಕಾದಾಗ ಬೀಳತದ. ನೀವು ಕೆಳಗ ನೋಡ್ರಿ ಅಂದ್ರ ನೋಡ್ರಿ!"

ಯಾರೂ ಒಪ್ಪಲಿಲ್ಲ. ಮಕ್ಕಳೇ ಮೊದಲು ಬಗ್ಗಿದವು. ಒಬ್ಬ ಹುಡುಗ ಶಾಲೆಯ ರಾಗದಲ್ಲಿ ಎಳೆದು ಓದಿದ: "ಬಾಬಾ, ಅಂಗೈ ಫೋಟೋ ಕಳಿಸೀನಿ. ಬೆರಳಿಗೆ ಅರಿಷಿಣ ಹತ್ತೈತಿ, ಬೇಜಾರ ಮಾಡ್ಕೋಬ್ಯಾಡ್ರಿ." ಎಲ್ಲಿಂದಲೋ ಒಂದು ಕಿಸಕ್ ಎಂಬ ಸದ್ದು ಬಂತು. ಇನ್ನೊಬ್ಬಳು ಓದಿದಳು: "ಬಾಬಾ, ಹಲ್ಲು ಇನ್ನೂ ಬಂದಿಲ್ಲ. ಬೇವು ಎಷ್ಟು ದಿನ ತಿನ್ನಬೇಕು?" ಅಷ್ಟೇ. ಇಡೀ ಊರಿನ ಗದ್ದ ಒಮ್ಮೆಗೇ ಕೆಳಗೆ ಬಂತು. ನಗು ಎಂದರೆ ಎಂಥ ನಗು! ಕಂಬ ಹಿಡಿದು ನಕ್ಕರು, ಎಮ್ಮೆಯ ಕೊರಳು ತಬ್ಬಿಕೊಂಡು ನಕ್ಕರು. "ಪುರಾಣ ಹೇಳಾಕ, ಬದನಿಕಾಯಿ ತಿನ್ನಾಕ!" ಎಂದು ಕಲ್ಲವ್ವ ಕಣ್ಣೊರೆಸಿಕೊಂಡಳು. "ನಿನ್ನ ಕೀಲಿಕೈ ತುಳಸಿಕಟ್ಟಿಯೊಳಗಿರೋದು ನಮಗೆಲ್ಲಾ ಮೊದಲ ಗೊತ್ತಿತ್ತ ಬಿಡಬೇ. ಆ ಬೇವು ತಿಂದು ಮೂರು ದಿನ ನನ್ನ ಬಾಯಿ ಸತ್ತಿತ್ತಲ್ಲ, ಅದನ್ನ ಯಾರಿಗೆ ಹೇಳ್ಲಿ!" ನಾನೂ ನಕ್ಕೆ. ನಾಚಿಕೆ ಅನ್ನುವುದು ಇಷ್ಟು ಹಗುರವೆಂದು ನನಗೆ ಗೊತ್ತಿರಲಿಲ್ಲ.

ನಗು ಇಳಿಯುತ್ತಿದ್ದಂತೆ ಗುರಸಿದ್ದಪ್ಪ ಮಾಸ್ತರು ಗಂಟಲು ಸರಿಮಾಡಿಕೊಂಡು ನನ್ನ ಬಟ್ಟಲಿನಿಂದ ಒಂದು ಚಿಟಿಕೆ ತೆಗೆದರು. ಕುಂಟುತ್ತಲೇ ಕೂತು ಬರೆದರು: "ನಾನು ಅಳಿಯನ ಫೋಟೋ ಹಾಕಿ, ಇಪ್ಪತ್ತೈದು ವರ್ಷದ ಪೈಲ್ವಾನ ಅಂತ ಫೋನಿನ ಕುಸ್ತಿ ಬಳಗಕ್ಕೆ ಸೇರಿದ್ದೇನೆ. ಗಡಿಕಲ್ಲಿನಾಚೆ ನಾನೂ ಕಾಲಿಟ್ಟಿದ್ದೇನೆ." ಮಕ್ಕಳು ಹೋ ಎಂದು ಚಪ್ಪಾಳೆ ತಟ್ಟಿದವು. "ಸರ, ಅದಕ್ಕ ಅಲ್ಲಿ ನಿಮ್ಮ ಬೂಟಿನ ಗುರುತಿತ್ತು!" ಆಮೇಲೆ ಒಬ್ಬರಾದ ಮೇಲೆ ಒಬ್ಬರು. ಡಾಕ್ಟರು ಬರೆದರು, ಡೇರಿಯವರು ಬರೆದರು. ರಂಗೋಲಿ ತೀರಿತು. ಕಲ್ಲವ್ವ ಗಿರಣಿಯಿಂದ ಜೋಳದ ಹಿಟ್ಟಿನ ಪುಟ್ಟಿ ಹೊತ್ತು ತಂದು ತಾನೂ ಏನೋ ಬರೆದಳು. ಅದನ್ನು ಕೋಳಿಯೊಂದು ತಿಂದುಬಿಟ್ಟಿದ್ದರಿಂದ ಅವಳ ಗುಟ್ಟು ಮಾತ್ರ ಉಳಿಯಿತು.

ಹೊನ್ನಿ ಈ ಗದ್ದಲದಲ್ಲಿರಲಿಲ್ಲ. ಗುಡಿಯ ಮೆಟ್ಟಿಲ ಬುಡದಲ್ಲಿ, ನಾನು ಕಡೆಗೆ ಬರೆದ ನಾಲ್ಕು ಸಾಲಿನ ಮುಂದೆ ನಿಂತಿದ್ದಳು. ಅಲ್ಲಿ ಹೀಗೆ ಬರೆದಿದ್ದೆ: "ಮಾತು ಮುರಿದರೆ ಪಾಪವೇ ಎಂದು ಒಂದು ಮಗು ಕೇಳಿತು. ನಾನು ತಪ್ಪು ಹೇಳಿದೆ. ಅವ್ವನಿಗೂ ಹೇಳಬೇಡ ಎಂದು ಮಕ್ಕಳಿಂದ ತೆಗೆದುಕೊಂಡ ಮಾತು ಮಾತೇ ಅಲ್ಲ, ಬಲೆ. ಅದನ್ನು ಹರಿದರೆ ಪುಣ್ಯ."

ಬೆರಳಿಟ್ಟು ಮತ್ತೊಮ್ಮೆ ಓದಿದಳು. ಆಮೇಲೆ ಪುಟ್ಟಿಯ ಹತ್ತಿರ ಹೋಗಿ ಒಂದು ಮುಷ್ಟಿ ಹಿಟ್ಟು ತಂದು, ನನ್ನ ಸಾಲಿನ ಕೆಳಗೆ ಕೂತು, ಸಣ್ಣ ಗೆರೆಯಲ್ಲಿ ಬರೆಯತೊಡಗಿದಳು. "ಪಿಂಕಿ ನನ್ನ ಗೆಳತಿ. ಹನ್ನೆರಡು ವರ್ಷ ಅಂತ ಹೇಳ್ಯಾಳ. ನಾ ನೋಡಿಲ್ಲ. ನಾಳೆ ಹತ್ತೂವರೆ ಬಸ್ಸಿಗೆ ಜಂಕ್ಷನ್ನಿಗೆ ಒಬ್ಬಳೇ ಬಾ ಅಂದಾಳ. ಗುಲಾಬಿ ಕೊಡೆ ಹಿಡಿದಿರ್ತಾಳಂತ. ಅವ್ವಗ ಹೇಳಿದ್ರ ಗೆಳೆತನ ಮುರಿತದಂತ."

ಓಣಿಯವರು ಒಬ್ಬೊಬ್ಬರಾಗಿ ಬಂದು ಬಗ್ಗಿದರು. ಕಲ್ಲವ್ವ ಓದಿದಳು. ಹಿಟ್ಟು ಮೆತ್ತಿದ ಅವಳ ಬಲಗೈ ಮೇಲಕ್ಕೆದ್ದಿತು. ಹೊನ್ನಿ ಕಣ್ಣು ಮುಚ್ಚಿದಳು. ನಾನು ಹನುಮಪ್ಪನನ್ನು ನೆನೆದೆ. ಆ ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತು, ನಿಧಾನಕ್ಕೆ ಇಳಿದು, ಮಗಳ ತಲೆಯ ಮೇಲೆ ಕೂತಿತು. ಐದು ಬೆರಳಿನ ಬಿಳಿ ಗುರುತು ಕೂದಲಲ್ಲಿ ಮೂಡಿತು.

"ಮುಂಜಾನಿಂದ ಏನೂ ತಿಂದಿಲ್ಲಬೇ ಇದು" ಎಂದಳು ಕಲ್ಲವ್ವ, ಯಾರಿಗೂ ಅಲ್ಲದ ಹಾಗೆ. "ಏಳ್ ನನ್ನವ್ವ. ರೊಟ್ಟಿ ತಿನ್ನು. ಆಮೇಲೆ ಎಲ್ಲಾ ಹೇಳ್ವಂತಿ."

ಮಾಸ್ತರು ಜಂಕ್ಷನ್ನಿನ ಪೊಲೀಸ್ ಠಾಣೆಗೆ ಎಲ್ಲವನ್ನೂ ಬರೆದು ಕಳಿಸಿದರು. ಗುರುವಾರ ಬೆಳಗ್ಗೆ ಅದು ಅವರ ಹೊಸ್ತಿಲ ಮುಂದೆ ದಪ್ಪ ಗೆರೆಯಲ್ಲಿ ಮೂಡಿತು, ಅವರು ಸಾರಿಸಲಿಲ್ಲ. ಹೊನ್ನಿಯನ್ನು ಅವ್ವನ ಜೊತೆ ಗಿರಣಿಯಲ್ಲಿ ಬಿಟ್ಟು ನಾವು ಹತ್ತೂವರೆ ಬಸ್ಸು ಹತ್ತಿದೆವು. ನಾವು ಎಂದರೆ ನಲವತ್ತಮೂರು ಜನ. ಮದುವೆ ದಿಬ್ಬಣವೇ ಎಂದು ಕಂಡಕ್ಟರು ಕೇಳಿದ. "ಹೌದು, ಹೆಣ್ಣಿನ ಹೆಸರು ಪಿಂಕಿ" ಎಂದರು ಡಾಕ್ಟರು.

ದಾರಿಯುದ್ದಕ್ಕೂ ಮಾಸ್ತರು ಹೇಳಿದ್ದೇ ಹೇಳಿದರು: "ಯಾರೂ ದಿಟ್ಟಿಸಿ ನೋಡಬಾರದು. ಅವಗ ಅನುಮಾನ ಬರಬಾರದು. ಮಫ್ತಿಯೊಳಗಿನ ಪೊಲೀಸರು ಬರೋತನಕಾ ಗೊತ್ತಿಲ್ಲದವರಂಗ ಇರಬೇಕು." ನಮಗೆ ಗೊತ್ತಿಲ್ಲದವರ ಹಾಗೆ ಇರುವುದು ಹೇಗೆಂದರೆ ಒಂದೇ ಬಗೆ. ಜಂಕ್ಷನ್ನಿನ ನಿಲ್ದಾಣದಲ್ಲಿ ಗುಲಾಬಿ ಕೊಡೆಯೊಂದು ನಿಂತಿತ್ತು. ಕೊಡೆಯ ಕೆಳಗೆ ಐವತ್ತರ ಆಸುಪಾಸಿನ, ಬಣ್ಣ ಹಚ್ಚಿದ ಮೀಸೆಯ ಗಂಡಸು. ನಾವು ನಲವತ್ತಮೂರೂ ಜನ ಅವನ ಸುತ್ತ ಗುಂಪಾಗಿ ನಿಂತು, ಗದ್ದ ಎತ್ತಿ, ಆಕಾಶ ನೋಡತೊಡಗಿದೆವು. ಮುಗಿಲಲ್ಲಿ ಏನೂ ಇರಲಿಲ್ಲ, ಒಂದು ಹದ್ದೂ ಇರಲಿಲ್ಲ. ಆ ಮನುಷ್ಯ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ತಡೆಯಲಾಗಲಿಲ್ಲ. ಕೊಡೆಯನ್ನು ಹಿಂದಕ್ಕೆ ವಾಲಿಸಿ ತಾನೂ ಬಾಯಿ ತೆರೆದು ಮೇಲೆ ನೋಡಿದ. "ಏನೈತ್ರಿ ಮ್ಯಾಲ?" ಎಂದು ಕೇಳುವಷ್ಟರಲ್ಲಿ, ಸೀರೆಯುಟ್ಟು ಬಾಳೆಹಣ್ಣು ಚೌಕಾಸಿ ಮಾಡುತ್ತಿದ್ದ ಹೆಂಗಸೊಬ್ಬಳು ಅವನ ಮುಂಗೈ ಹಿಡಿದಿದ್ದಳು. ಅವಳೇ ಇನ್ಸ್‌ಪೆಕ್ಟರು. ಅವನ ಫೋನಿನಲ್ಲಿ ಇನ್ನೂ ಆರು ಊರಿನ ಮಕ್ಕಳ ಹೆಸರಿದ್ದವು. ಅದನ್ನು ಕೇಳಿದ ಮೇಲೆ ಬರುವಾಗ ಬಸ್ಸಿನಲ್ಲಿ ಎಲ್ಲರೂ ತಂತಮ್ಮ ಮಕ್ಕಳನ್ನು ನೆನೆಯುತ್ತ ಕೂತಿದ್ದರು. ಊರ ಗಡಿಕಲ್ಲು ದಾಟುವಾಗ ಡಾಕ್ಟರು ಒಮ್ಮೆಗೇ "ಏನೈತ್ರಿ ಮ್ಯಾಲ?" ಎಂದರು ನೋಡಿ. ಬಸ್ಸು ನಗೆಯಿಂದ ಆಚೀಚೆ ತೂಗಿ, ಕಂಡಕ್ಟರು ಸೀಟಿ ಊದಿ ನಿಲ್ಲಿಸಬೇಕಾಯಿತು.

ಶನಿವಾರ ಮಕ್ಕಳು ಕಟ್ಟೆಯ ಮೇಲೆ ಮತ್ತೆ ಕೂತವು. ಹೊನ್ನಿಯೂ ಬಂದಳು. ನಾನು ಹೊಸ ಕಟ್ಟಳೆ ಹೇಳಿದೆ. ಖಾಲಿ ಹೊಸ್ತಿಲಿಗೆ ಇನ್ನು ಉಂಡಿ ಇಲ್ಲ. ತಿಳಿಯದ್ದು ಬಂದಾಗ, ಹೆದರಿಕೆಯಾದಾಗ, ಯಾರಾದರೂ ಹೇಳಬೇಡ ಎಂದಾಗ, ಅವ್ವನ ಹತ್ತಿರವೋ ಮಾಸ್ತರರ ಹತ್ತಿರವೋ ನನ್ನ ಹತ್ತಿರವೋ ಓಡಿ ಬಂದವರಿಗೆ ಉಂಡಿ. ಬೈಗುಳ ಇಲ್ಲ, ಹೊಡೆತ ಇಲ್ಲ.

"ಒಂದಕ್ಕ ಒಂದ ಉಂಡಿನೋ ಎರಡೋ?" ಎಂದಳು ಹೊನ್ನಿ. ಹಲ್ಲಿನ ಸಂದಿಯ ಸೀಟಿ ಎಷ್ಟೋ ದಿನದ ಮೇಲೆ ಕೇಳಿತು.

ಆಗಲೇ ಚೀಲದಲ್ಲಿ ಫೋನು ಕುಯ್ಯೆಂದಿತು. "ಮಗಳೇ, ಯಾಕೆ ಮೌನ? ನಿನ್ನ ಮೇಲೆ ಶನಿಯ ದೃಷ್ಟಿ ಬಿದ್ದಿದೆ." ನಾನು ಅದನ್ನು ಗಟ್ಟಿಯಾಗಿ ಓದಿದೆ. "ನನಗ ಹೆದರಿಕಿ ಆಗೇತಿ. ಏನ ಬರೀಲಿ?" ಎಂದು ಮಕ್ಕಳನ್ನೇ ಕೇಳಿದೆ.

ಮಕ್ಕಳು ತಲೆಗೆ ತಲೆ ತಾಗಿಸಿ ಬಹಳ ಚರ್ಚೆ ಮಾಡಿದವು. ಕತ್ತೆ ಎಂದು ಮೂವತ್ತಮೂರು ಸಲ ಬರೆಯೋಣ ಎಂದಿತು ಒಂದು. ಬೇವು ತಿನ್ನು ಅಂತ ಬರಿ ಎಂದಿತು ಇನ್ನೊಂದು. ಹೊನ್ನಿ ಸುಮ್ಮನೆ ನನ್ನ ಪಕ್ಕ ಬಂದು ಕೂತು ನನ್ನ ಬೆರಳು ಹಿಡಿದುಕೊಂಡಳು. "ಏನೂ ಬರೀಬ್ಯಾಡಜ್ಜಿ. ಇಲ್ಲಿ ಮೂರು ಚುಕ್ಕಿ ಅದಾವಲ್ಲ, ಅದನ್ನ ಒತ್ತು. ಈಗ ಇದನ್ನ. ಹಾಂ, ಹೋದ." ನನ್ನ ಬಾಬಾ ಹಿಮಾಲಯ ಸಮೇತ ಮಾಯವಾದ. ಅವಳು ಬುಟ್ಟಿಯಿಂದ ಎಲ್ಲಕ್ಕಿಂತ ದೊಡ್ಡ ಉಂಡಿಯನ್ನು ಹುಡುಕಿ ತೆಗೆದಳು. ತನಗೇ ಇರಬೇಕೆಂದುಕೊಂಡೆ. ಅದನ್ನು ನನ್ನ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದಳು.

"ಈ ಸಲ ಬಂದು ಕೇಳಿದಾಕಿ ನೀನ ಅಲ್ಲೇನಜ್ಜಿ?" ಎಂದಳು.